‘ಆ ಜನಕ್ಕೆ ಓದು ತಲೆಗೆ ಹತ್ತುವುದಿಲ್ಲ’ ಎನ್ನುವವರಿಗೆ

2021ರ ಫೆಬ್ರವರಿ 18ರಂದು ನಾಸಾದ ಪರ್ಸಿವರೆನ್ಸ್ ರೋವರ್ ಮಂಗಳನ ಮೇಲೆ ಇಳಿದಾಗ ನಮ್ಮವರ ವಾಟ್ಸಾಪ್ ಗುಂಪುಗಳೆಲ್ಲ ಸ್ವಾತಿ ಮೋಹನ್ ಅವರ ಬಿಂದಿಯ ಚಿತ್ರದಿಂದ ತುಂಬಿಹೋಗಿದ್ದವು. ಬೆಂಗಳೂರಿನಲ್ಲಿ ಹುಟ್ಟಿ, ವರ್ಷದ ಕೂಸಾಗಿದ್ದಾಗಲೇ ಅಮೆರಿಕಕ್ಕೆ ಹೋದ ಹೆಣ್ಣುಮಗಳೊಬ್ಬಳು ನಿಯಂತ್ರಣ ಕೊಠಡಿಯಲ್ಲಿ ಕುಳಿತು ರೋವರ್ ನೆಲ ಮುಟ್ಟಿದ್ದನ್ನು ಜಗತ್ತಿಗೆ ಸಾರಿದ್ದು ಹೆಮ್ಮೆಯ ಸಂಗತಿಯೇ. ಆ ಚಿತ್ರವನ್ನು ನಾನೂ ಸಿಕ್ಕಸಿಕ್ಕಲ್ಲಿ ಹಂಚಿದೆ. ಅದೇ ಹೊತ್ತಿಗೆ ನಾಸಾ ಸ್ಪ್ಯಾನಿಷ್ ಭಾಷೆಯಲ್ಲಿ ಇನ್ನೊಂದು ನೇರಪ್ರಸಾರ ನಡೆಸುತ್ತಿತ್ತು. ಬೇರೊಂದು ಗ್ರಹದ ಮೇಲಿನ ಇಳಿಯುವಿಕೆಯನ್ನು ಅದು ಆ ಭಾಷೆಯಲ್ಲಿ ತೋರಿಸಿದ್ದು ಅದೇ ಮೊದಲು. ನಡೆಸಿಕೊಟ್ಟವರು ಡಯಾನಾ ಟ್ರುಹಿಯೊ, ರೋವರಿನ ರೋಬಾಟ್ ತೋಳಿನ ಮೇಲೆ ಕೆಲಸ ಮಾಡಿದ ಎಂಜಿನಿಯರ್. ಕೊಲಂಬಿಯಾದ ಕಾಲಿ ನಗರದಿಂದ ಹದಿನೇಳನೆಯ ವಯಸ್ಸಿನಲ್ಲಿ 300 ಡಾಲರ್ ಹಿಡಿದುಕೊಂಡು ಮಯಾಮಿಗೆ ಬಂದು, ಮನೆಗೆಲಸ ಮಾಡುತ್ತಾ ಕಮ್ಯುನಿಟಿ ಕಾಲೇಜು ಸೇರಿ, ಮುಂದೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಓದಿದವರು. ಅವರ ಚಿತ್ರ ನಮ್ಮ ಗುಂಪುಗಳಿಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ ಬಿಡಿ, ಅವರವರ ಮನೆಯ ಮಕ್ಕಳು ಅವರವರಿಗೆ ಚಂದ.

ನನ್ನ ತಕರಾರು ಅದಲ್ಲ. ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ನಮ್ಮವರ ಊಟದ ಕೂಟಗಳಲ್ಲಿ ಮಕ್ಕಳ ಶಾಲೆಯ ಮಾತು ಬಂದರೆ ಸಾಕು, ಯಾರಾದರೊಬ್ಬರು ‘ಈ ಮೆಕ್ಸಿಕನ್ನರಿಗೆ ಓದು ತಲೆಗೆ ಹತ್ತುವುದಿಲ್ಲ ಬಿಡಿ, ಗಣಿತವೆಂದರೆ ನಮ್ಮ ಮಕ್ಕಳದೇ’ ಎನ್ನುತ್ತಾರೆ. ಉಳಿದವರು ಮೊಸರನ್ನ ಕಲಸುತ್ತಾ ಹೂಂಗುಟ್ಟುತ್ತಾರೆ. ಇತ್ತೀಚೆಗೆ ಈ ಮಾತು ಆಡಿದ ಹಿರಿಯರ ಮನೆಯ ಛಾವಣಿಯನ್ನು ಆಲಿಕಲ್ಲು ಮಳೆಯ ನಂತರ ಎರಡೇ ದಿನದಲ್ಲಿ ಹೊಸದಾಗಿ ಹೊದಿಸಿ ಕೊಟ್ಟವರು ಅದೇ ಮೆಕ್ಸಿಕನ್ನರು. ಛಾವಣಿಯ ಇಳಿಜಾರು, ಹಲಗೆಯ ಲೆಕ್ಕ, ಪೋಲಾಗುವ ಸಾಮಾನಿನ ಅಂದಾಜು ಎಲ್ಲವನ್ನೂ ಒಂದು ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ ಮುಗಿಸಿದ್ದನ್ನು ನಾನೇ ನೋಡಿದ್ದೆ. ಗಣಿತ ಬರುವುದಿಲ್ಲವಂತೆ!

ನಾವು ಇಲ್ಲಿಗೆ ಬಂದದ್ದು ಜರಡಿ ಹಿಡಿಸಿಕೊಂಡು. ಮೊದಲು ಪಿಯುಸಿ, ಆಮೇಲೆ ಸಿಇಟಿ, ಆಮೇಲೆ ಎಂಜಿನಿಯರಿಂಗ್, ಆಮೇಲೆ ಜಿಆರ್‌ಇಯೋ ಕಂಪನಿಯ ಸಂದರ್ಶನವೋ, ಕೊನೆಗೆ ವೀಸಾ. ಊರಿನಲ್ಲಿ ನಮ್ಮ ಜೊತೆ ಏಳನೆಯ ತರಗತಿ ಓದಿ ಗದ್ದೆಗೋ ಗಾರೆ ಕೆಲಸಕ್ಕೋ ಹೋದವರು ಯಾರೂ ನಮ್ಮ ವಿಮಾನದಲ್ಲಿ ಇರಲಿಲ್ಲ. ಮೆಕ್ಸಿಕೋದ ಮಿಚೋಆಕಾನಿನಿಂದ ಕ್ಯಾಲಿಫೋರ್ನಿಯಾದ ಸೌತೆಕಾಯಿ ಹೊಲಕ್ಕೆ ಬಂದವರು ನಮ್ಮ ಆ ಗೆಳೆಯರ ಪಂಗಡದವರು. ಹಾಗಿದ್ದ ಮೇಲೆ ನಮ್ಮ ಮಕ್ಕಳನ್ನು ಅವರ ಮಕ್ಕಳ ಪಕ್ಕ ನಿಲ್ಲಿಸಿ ಎತ್ತರ ಅಳೆಯುವುದು ಎಲ್ಲಿಯ ನ್ಯಾಯ? ಹೋಲಿಸಲೇಬೇಕೆಂದಿದ್ದರೆ ಮಾರಿಯೋ ಮೊಲೀನಾ ಅವರನ್ನು ತೆಗೆದುಕೊಳ್ಳಿ. ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳ ಅನಿಲ ಓಜೋನ್ ಪದರವನ್ನು ತಿನ್ನುತ್ತದೆ ಎಂದು 1974ರಲ್ಲಿ ಶೆರ್ವುಡ್ ರೋಲೆಂಡ್ ಜೊತೆಗೂಡಿ ತೋರಿಸಿ, 1995ರಲ್ಲಿ ನೊಬೆಲ್ ಪಡೆದವರು. ಅವರು ರಾಯಭಾರಿಯೊಬ್ಬರ ಮಗ, ಮನೆಯ ಬಚ್ಚಲುಮನೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಳ್ಳಲು ಬಿಟ್ಟ ಮನೆತನ, ರಸಾಯನಶಾಸ್ತ್ರ ಬಲ್ಲ ಸೋದರತ್ತೆ, ಹನ್ನೊಂದನೆಯ ವಯಸ್ಸಿಗೆ ಸ್ವಿಟ್ಜರ್‌ಲ್ಯಾಂಡಿನ ಶಾಲೆ. ಅನುಕೂಲ ಇದ್ದ ಕಡೆ ಮೆಕ್ಸಿಕನ್ನರ ತಲೆಯೂ ಎಲ್ಲರ ತಲೆಯಂತೆಯೇ ಓಡುತ್ತದೆ.

ಇನ್ನು ಅನುಕೂಲ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಪೂರ್ವ ಲಾಸ್ ಏಂಜಲಿಸ್‌ನ ಗಾರ್ಫೀಲ್ಡ್ ಹೈಸ್ಕೂಲಿನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹೈಮೆ ಎಸ್ಕಲಾಂಟೆ ಬೊಲಿವಿಯಾದ ಲಾ ಪಾಜ್‌ನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ, ಗಣಿತ ಕಲಿಸಿದ್ದ ಮೇಷ್ಟರು. ಅಮೆರಿಕಕ್ಕೆ ಬಂದಾಗ ಅವರ ಪದವಿಗೆ ಇಲ್ಲಿ ಕಿಮ್ಮತ್ತಿರಲಿಲ್ಲ. ಹೋಟೆಲಿನ ನೆಲ ಒರೆಸಿದರು, ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ದುಡಿದರು, ರಾತ್ರಿ ಓದಿ ಪದವಿಯನ್ನು ಮತ್ತೊಮ್ಮೆ ಪಡೆದರು. 1974ರಲ್ಲಿ ಗಾರ್ಫೀಲ್ಡ್ ಸೇರಿದಾಗ ಅಲ್ಲಿ ಮಕ್ಕಳಿಗೆ ಕಲಿಸುತ್ತಿದ್ದದ್ದು ಅಂಗಡಿ ಲೆಕ್ಕಕ್ಕಿಂತ ತುಸು ಹೆಚ್ಚು, ಅಷ್ಟೆ. ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆಗೆ ಇವರಲ್ಲಿ ಕೆಲವರನ್ನು ಕೂರಿಸುತ್ತೇನೆ ಎಂದಾಗ ಸಹೋದ್ಯೋಗಿಗಳೇ ನಕ್ಕರು.

1982ರಲ್ಲಿ ಅವರ ಹದಿನೆಂಟು ವಿದ್ಯಾರ್ಥಿಗಳು ಆ ಪರೀಕ್ಷೆ ಬರೆದು ಹದಿನೆಂಟೂ ಮಂದಿ ಪಾಸಾದರು. ಪರೀಕ್ಷೆ ನಡೆಸುವ ಸಂಸ್ಥೆಗೆ ಅನುಮಾನ ಬಂತು. ಉತ್ತರಗಳು, ಅದರಲ್ಲೂ ತಪ್ಪುಗಳು, ಒಂದರಂತೆ ಒಂದು ಇವೆ ಎಂದು ಹದಿನಾಲ್ಕು ಮಂದಿಯ ಮೇಲೆ ನಕಲಿನ ಆರೋಪ ಹೊರಿಸಿದರು. ಒಬ್ಬರೇ ಮೇಷ್ಟರ ಬಳಿ, ಒಂದೇ ಬಗೆಯಲ್ಲಿ ಕಲಿತವರ ತಪ್ಪುಗಳೂ ಒಂದೇ ಬಗೆಯಾಗಿರುತ್ತವೆ ಎಂಬುದು ಟ್ಯೂಷನ್‌ಗೆ ಹೋದ ಯಾರಿಗಾದರೂ ಗೊತ್ತು. ಆ ಹದಿನಾಲ್ವರಲ್ಲಿ ಹನ್ನೆರಡು ಮಂದಿ ಕಾವಲಿನಲ್ಲಿ ಮತ್ತೆ ಪರೀಕ್ಷೆ ಬರೆದರು, ಹನ್ನೆರಡೂ ಜನ ಪಾಸಾದರು. ಸಾಹುಕಾರರ ಬಡಾವಣೆಯ ಶಾಲೆಯಲ್ಲಿ ಇದೇ ಫಲಿತಾಂಶ ಬಂದಿದ್ದರೆ ಯಾರಾದರೂ ಭೂತಗನ್ನಡಿ ಹಿಡಿಯುತ್ತಿದ್ದರೇ ಎಂದು ನನಗೆ ಈಗಲೂ ಅನುಮಾನ.

ಈ ಕಥೆ 1988ರಲ್ಲಿ ಸಿನಿಮಾ ಆಯಿತು. ಸಿನಿಮಾ ನೋಡಿದವರು ಒಂದು ವರ್ಷದಲ್ಲಿ ಒಬ್ಬ ಮೇಷ್ಟರು ಮಾಡಿದ ಪವಾಡ ಎಂದುಕೊಂಡರು. ಹಾಗಿರಲಿಲ್ಲ. ಮೊದಲ ಕ್ಯಾಲ್ಕುಲಸ್ ತರಗತಿಗೆ ಕೊನೆಯವರೆಗೂ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಆಮೇಲೆ ಕೆಳಗಿನ ತರಗತಿಗಳಿಂದಲೇ ಬೀಜಗಣಿತ, ತ್ರಿಕೋನಮಿತಿ ಸರಿಪಡಿಸಿಕೊಂಡು ಬಂದರು. ಬೇಸಿಗೆಯಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ವಿಶೇಷ ತರಗತಿ, ಬೆಂಬಲಕ್ಕೆ ನಿಂತ ಒಬ್ಬ ಪ್ರಾಂಶುಪಾಲ, ಜೊತೆಗೆ ಕಲಿಸಿದ ಇತರ ಶಿಕ್ಷಕರು. 1987ರ ಹೊತ್ತಿಗೆ ಮೊದಲ ಹಂತದ ಕ್ಯಾಲ್ಕುಲಸ್‌ನಲ್ಲಿ ಎಪ್ಪತ್ತಮೂರು ಮಂದಿ, ಅದಕ್ಕೂ ಮೇಲಿನದರಲ್ಲಿ ಹನ್ನೆರಡು ಮಂದಿ ಪಾಸಾದರು. ಆಮೇಲೆ ಶಾಲೆಯೊಳಗಿನ ಕಿತ್ತಾಟ ಶುರುವಾಯಿತು. 1991ರಲ್ಲಿ ಎಸ್ಕಲಾಂಟೆ ಶಾಲೆ ಬಿಟ್ಟರು. ಪಾಸಾದವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಪಾತಾಳಕ್ಕಿಳಿಯಿತು. ಅದೇ ಬಡಾವಣೆ, ಅದೇ ಜನ, ಮನೆಯಲ್ಲಿ ಅದೇ ಸ್ಪ್ಯಾನಿಷ್. ತಲೆಗೆ ಹತ್ತುವುದಿಲ್ಲ ಎನ್ನುವವರು ಈ ಏರಿಳಿತಕ್ಕೆ ಏನು ಕಾರಣ ಹೇಳುತ್ತಾರೋ ಕೇಳಬೇಕು.

ಅರಿಜೋನಾದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ಹುಡುಗರ ಕಥೆ ನನಗೆ ಇದಕ್ಕಿಂತಲೂ ಇಷ್ಟ. ನಾಲ್ವರೂ ಚಿಕ್ಕವರಿದ್ದಾಗ ಮೆಕ್ಸಿಕೋದಿಂದ ಬಂದವರು, ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಲು ಬೇಕಾದ ಕಾಗದಪತ್ರ ಯಾರ ಬಳಿಯೂ ಇಲ್ಲ. 2004ರಲ್ಲಿ ನೀರಿನೊಳಗಿನ ರೋಬಾಟ್ ಸ್ಪರ್ಧೆಗೆ ಹೊರಟರು. ಶಾಲೆಗಳ ವಿಭಾಗದಲ್ಲಿ ಸೋತರೆ ಅವಮಾನ, ಕಾಲೇಜುಗಳ ವಿಭಾಗದಲ್ಲಿ ಸೋತರೆ ಯಾರೂ ಏನೂ ಅನ್ನುವುದಿಲ್ಲ ಎಂದು ಅವರ ಇಬ್ಬರು ಮೇಷ್ಟರು ದೊಡ್ಡವರ ವಿಭಾಗಕ್ಕೇ ಹೆಸರು ಕೊಟ್ಟರು. ಈ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ಖರ್ಚಿಗೆ ಇದ್ದದ್ದು ಸುಮಾರು 800 ಡಾಲರ್. ರೋಬಾಟಿನ ಮೈಯೆಲ್ಲ ನಲ್ಲಿ ಕೆಲಸದವರು ಬಳಸುವ ಪಿವಿಸಿ ಪೈಪು. ಅಂಟಿನ ವಾಸನೆ ತಡೆಯಲಾರದೆ ಅದಕ್ಕೆ ‘ಸ್ಟಿಂಕಿ’ ಎಂದೇ ಹೆಸರಿಟ್ಟರು. ಸ್ಪರ್ಧೆಗೆ ಮುಂಚೆ ಎಲೆಕ್ಟ್ರಾನಿಕ್ಸ್ ಇಟ್ಟಿದ್ದ ಪೆಟ್ಟಿಗೆಯೊಳಕ್ಕೆ ನೀರು ಜಿನುಗತೊಡಗಿತು. ಬಿಚ್ಚಿ ಮತ್ತೆ ಕಟ್ಟಲು ಸಮಯವಿಲ್ಲ. ನೀರು ಹೀರುವ ವಸ್ತು ಯಾವುದಿದೆ ಎಂದು ಯೋಚಿಸಿ, ಹುಡುಗನೊಬ್ಬ ಸಂಕೋಚದಿಂದ ಅಂಗಡಿಗೆ ಹೋಗಿ ಹೆಂಗಸರು ಬಳಸುವ ಟ್ಯಾಂಪೂನ್ ಡಬ್ಬಿ ಕೊಂಡು ತಂದ. ಅದನ್ನೇ ಪೆಟ್ಟಿಗೆಯೊಳಗೆ ತುರುಕಿದರು. ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ, ದೊಡ್ಡ ತೈಲ ಕಂಪನಿಯ ಪ್ರಾಯೋಜಕತ್ವವಿದ್ದ ತಂಡವನ್ನು ಹಿಂದಿಕ್ಕಿ ಗೆದ್ದರು. ತಾಂತ್ರಿಕ ವರದಿಯ ಬರವಣಿಗೆಗೆ ಕೊಡುವ ಬಹುಮಾನವೂ ಇವರಿಗೇ ಬಂತು, ಇಂಗ್ಲಿಷ್ ಮನೆಮಾತಲ್ಲದ ಹುಡುಗರಿಗೆ.

ಸ್ಫೂರ್ತಿ ಭಾಷಣಗಳಲ್ಲಿ ಈ ಕಥೆ ಇಲ್ಲಿಗೆ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ 2006ರಲ್ಲಿ ಅರಿಜೋನಾದ ಮತದಾರರು, ಕಾಗದಪತ್ರವಿಲ್ಲದ ವಿದ್ಯಾರ್ಥಿಗಳು ರಾಜ್ಯದ ಕಾಲೇಜುಗಳಲ್ಲಿ ಹೊರರಾಜ್ಯದವರ ದುಬಾರಿ ಶುಲ್ಕವನ್ನೇ ಕಟ್ಟಬೇಕು ಎಂದು ತೀರ್ಪು ಕೊಟ್ಟರು. ಎಂಐಟಿಯನ್ನು ಸೋಲಿಸಿದವರಲ್ಲಿ ಒಬ್ಬ ಹಣವಿಲ್ಲದೆ ವಿಶ್ವವಿದ್ಯಾಲಯ ಬಿಟ್ಟ. ಇನ್ನೊಬ್ಬ ಅಡುಗೆ ಕೆಲಸಕ್ಕಿಳಿದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಒಬ್ಬ, ಕಾನೂನು ಪ್ರಕಾರವೇ ಬರುತ್ತೇನೆಂದು ತಾನಾಗಿಯೇ ಮೆಕ್ಸಿಕೋಗೆ ಮರಳಿದ. ಹತ್ತು ವರ್ಷದ ನಿಷೇಧ ಬಿತ್ತು. ಆಮೇಲೆ ಹೇಗೋ ವಿನಾಯಿತಿ ಸಿಕ್ಕಿ ಬಂದವನು ಅಮೆರಿಕದ ಸೈನ್ಯ ಸೇರಿ ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ. ಈ ಹುಡುಗರಿಗೆ ಯಾವುದರ ಕೊರತೆಯಿತ್ತು ಹೇಳಿ, ಬುದ್ಧಿಯದೋ ಹಟದ್ದೋ?

ಈ ಮಾತಿಗೆ ಅಂಕಿಅಂಶವೂ ಬೇಕು ಎನ್ನುವವರಿಗಾಗಿ ಎರಡು. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಹೇಳಿದಂತೆ ಅಮೆರಿಕದ ಒಟ್ಟು ಉದ್ಯೋಗಿಗಳಲ್ಲಿ ಹಿಸ್ಪಾನಿಕ್ ಜನ, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು, ಶೇ. 17, ವಿಜ್ಞಾನ ಮತ್ತು ಎಂಜಿನಿಯರಿಂಗ್ ಉದ್ಯೋಗಗಳಲ್ಲಿ ಬರೀ ಶೇ. 8. ಏಷ್ಯಾ ಮೂಲದವರು ಒಟ್ಟಾರೆ ಶೇ. 6, ಈ ಉದ್ಯೋಗಗಳಲ್ಲಿ ಶೇ. 13. ಜರಡಿಯ ಕೆಲಸ ಕಣ್ಣಿಗೆ ಕಾಣುತ್ತದೆ. ಆದರೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ 2023ರ ವರದಿಯಲ್ಲಿ ಹಿಸ್ಪಾನಿಕ್ ಪಾಲು ಶೇ. 15. ಏಕೆಂದರೆ ಅದು ಪದವಿಯಿಲ್ಲದ, ಆದರೆ ತಾಂತ್ರಿಕ ಜ್ಞಾನವಿಲ್ಲದೆ ಮಾಡಲಾಗದ ಕೆಲಸಗಳನ್ನೂ ಸೇರಿಸಿಕೊಂಡಿತು: ವಿದ್ಯುತ್ ಕೆಲಸ, ಯಂತ್ರ ದುರಸ್ತಿ, ಕಟ್ಟಡದ ಕಸುಬುಗಳು. ಅಂದರೆ ಕೈಯಲ್ಲಿ ವಿದ್ಯೆಯಿದೆ, ಹೆಸರಿನ ಮುಂದೆ ಎಂಜಿನಿಯರ್ ಎಂಬ ಪದವಿಯಿಲ್ಲ.

ಆ ಪದವಿಗೆ ದಾರಿ ಮಾಡಿಕೊಟ್ಟ ಊರೂ ನಮ್ಮ ಟೆಕ್ಸಸ್‌ನಲ್ಲೇ ಇದೆ, ಎಲ್ ಪಾಸೊ. ನದಿಯಾಚೆ ಮೆಕ್ಸಿಕೋದ ಹ್ವಾರೆಸ್ ನಗರ. ಅಲ್ಲಿಂದ ದಿನಾ ಸೇತುವೆ ದಾಟಿ ತರಗತಿಗೆ ಬರುವವರಿದ್ದಾರೆ. 1914ರಲ್ಲಿ ಗಣಿ ಶಾಲೆಯಾಗಿ ಶುರುವಾದ ಇಲ್ಲಿನ ವಿಶ್ವವಿದ್ಯಾಲಯದ ಕಟ್ಟಡಗಳು ಭೂತಾನಿನ ಕೋಟೆಗಳ ಮಾದರಿಯಲ್ಲಿವೆ. ಮರುಭೂಮಿಯ ನಡುವೆ ಹಿಮಾಲಯದ ಚಾವಣಿ ಕಂಡು ನಾನು ಬೆರಗಾಗಿದ್ದೇನೆ. ವಿದ್ಯಾರ್ಥಿಗಳಲ್ಲಿ ಶೇ. 80ಕ್ಕೂ ಹೆಚ್ಚು ಹಿಸ್ಪಾನಿಕ್. 1988ರಿಂದ 2019ರವರೆಗೆ ಅಧ್ಯಕ್ಷರಾಗಿದ್ದ ಡಯಾನಾ ನಟಾಲಿಸಿಯೊ ಅವರಿಗೆ, ಸಂಶೋಧನೆಯಲ್ಲಿ ಮೇಲೇರಬೇಕಾದರೆ ಪ್ರವೇಶದ ಮಟ್ಟ ಬಿಗಿ ಮಾಡಿ ಎಂಬ ಸಲಹೆ ಬರುತ್ತಲೇ ಇತ್ತು. ಅವರು ಬಾಗಿಲು ಕಿರಿದು ಮಾಡಲಿಲ್ಲ. ಅವರು ನಿವೃತ್ತರಾಗುವ ಹೊತ್ತಿಗೆ ಅದು ದೇಶದ ಅತ್ಯುನ್ನತ ಸಂಶೋಧನಾ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಸೇರಿತ್ತು.

ನಾಸಾದ ಗಗನಯಾತ್ರಿ ಡ್ಯಾನಿ ಒಲೀವಾಸ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದು ಇಲ್ಲೇ. 2007ರಲ್ಲಿ ಅಟ್ಲಾಂಟಿಸ್ ನೌಕೆಯ ಶಾಖನಿರೋಧಕ ಹೊದಿಕೆಯ ಒಂದು ಮೂಲೆ ಎದ್ದು ಬಂದಿತ್ತು. ಒಲೀವಾಸ್ ಬಾಹ್ಯಾಕಾಶದಲ್ಲಿ ಹೊರಗಿಳಿದು, ನೌಕೆಯ ಔಷಧಿ ಪೆಟ್ಟಿಗೆಯಲ್ಲಿದ್ದ, ಗಾಯಕ್ಕೆ ಹೊಲಿಗೆ ಹಾಕುವ ಸ್ಟೇಪ್ಲರ್‌ನಿಂದ ಅದನ್ನು ಬಿಗಿದು ಬಂದರು. ದಪ್ಪ ಕೈಗವಸು ತೊಟ್ಟುಕೊಂಡು ಹೀಗೆ ಸ್ಟೇಪ್ಲರ್ ಒತ್ತುವುದೂ ಎಂಜಿನಿಯರಿಂಗೇ. ಎರಡು ವರ್ಷದ ನಂತರ ಡಿಸ್ಕವರಿ ನೌಕೆಯಲ್ಲಿ ಹೋದಾಗ ಅವರ ಜೊತೆ ಹೋಸೆ ಹೆರ್ನಾಂಡೆಸ್ ಇದ್ದರು.

ಹೆರ್ನಾಂಡೆಸ್ ಅವರ ಕಥೆ ನಿಮಗೆ ಗೊತ್ತಿರಬಹುದು. ಹೊಲದ ಕೂಲಿಕಾರರ ಮಗ, ನಾಸಾ ಹನ್ನೊಂದು ಸಲ ಬೇಡವೆಂದಿತು, ಹನ್ನೆರಡನೆಯ ಸಲ ತೆಗೆದುಕೊಂಡಿತು. ಎಲ್ಲರೂ ಈ ಹನ್ನೊಂದನ್ನೇ ಹಿಡಿದು ಮಾತನಾಡುತ್ತಾರೆ. ಅವರ ಹಟದ ಬಗ್ಗೆ ನನಗೂ ಗೌರವವಿದೆ. ಆಯ್ಕೆಯಾದವರಿಗೆ ಏನು ಗೊತ್ತು, ತನಗೇನು ಗೊತ್ತಿಲ್ಲ ಎಂದು ನೋಡಿ ವಿಮಾನ ಹಾರಿಸಲು, ಆಳಕ್ಕೆ ಮುಳುಗಲು, ರಷ್ಯನ್ ಮಾತನಾಡಲು ಕಲಿತರು. ಆದರೆ ಅದಕ್ಕೂ ಎಷ್ಟೋ ಮೊದಲು, ಅವರು ಎರಡನೆಯ ತರಗತಿಯಲ್ಲಿದ್ದಾಗ, ಅವರ ಟೀಚರ್ ಮನೆಗೆ ಬಂದು ತಂದೆತಾಯಿಯ ಮುಂದೆ ಕುಳಿತಿದ್ದರು. ಬೆಳೆಯ ಹಿಂದೆ ಊರೂರು ಅಲೆಯುವುದು, ಚಳಿಗಾಲಕ್ಕೆ ಮೆಕ್ಸಿಕೋಗೆ ಹೋಗುವುದು ನಿಲ್ಲಿಸಿ ಒಂದೇ ಊರಿನಲ್ಲಿ ನೆಲೆ ನಿಲ್ಲಿ ಎಂದು ಹೇಳಿದರು. ಅಪ್ಪ ಆ ಮಾತು ಕೇಳಿದ. ಕುಟುಂಬ ಸ್ಟಾಕ್ಟನ್‌ನಲ್ಲಿ ನೆಲೆಸಿತು. ಆ ಭೇಟಿ ನಡೆಯದಿದ್ದರೆ ಹನ್ನೊಂದು ಅರ್ಜಿಗಳ ಮಾತಿರಲಿ, ಒಂದನ್ನು ಹಾಕುವ ಪ್ರಸಂಗವೂ ಬರುತ್ತಿರಲಿಲ್ಲವೇನೋ. ನಾನು ಓದಿದ್ದೂ ಸರಕಾರಿ ಕೋಟಾದ ಸೀಟಿನಲ್ಲಿ, ಹಾಸ್ಟೆಲಿನ ರಿಯಾಯಿತಿ ಊಟ ಉಂಡು. ಆ ಶುಲ್ಕ ನಾಲ್ಕು ಪಟ್ಟಾಗಿದ್ದರೆ ನನ್ನ ಹಟ ಎಲ್ಲಿಯವರೆಗೆ ಬರುತ್ತಿತ್ತು ಎಂಬುದು ನನಗೆ ಗೊತ್ತು.

ಈಗ ಇದನ್ನೆಲ್ಲ ಬರೆಯಲು ಕಾರಣ ನಮ್ಮ ರಾಜ್ಯ. ಮೂರು ವರ್ಷ ಇಲ್ಲಿದ್ದು ಇಲ್ಲೇ ಹೈಸ್ಕೂಲು ಮುಗಿಸಿದ ಮಕ್ಕಳಿಗೆ, ಕಾಗದಪತ್ರ ಇರಲಿ ಬಿಡಲಿ, ಸ್ಥಳೀಯರ ಶುಲ್ಕವೇ ಸಾಕು ಎಂದು ದೇಶದಲ್ಲೇ ಮೊದಲು, 2001ರಲ್ಲಿ, ಕಾನೂನು ಮಾಡಿದ್ದು ಟೆಕ್ಸಸ್. ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ. 2025ರ ಜೂನ್ 4ರಂದು ಕೇಂದ್ರ ಸರಕಾರ ಅದರ ವಿರುದ್ಧ ದಾವೆ ಹೂಡಿತು. ರಾಜ್ಯ ಸರಕಾರ ಎದುರು ವಾದಿಸುವ ಬದಲು ಅದೇ ದಿನ ಒಪ್ಪಿಕೊಂಡಿತು, ನ್ಯಾಯಾಲಯ ಅದೇ ದಿನ ಕಾನೂನಿಗೆ ತಡೆ ಹಾಕಿತು. ಇಪ್ಪತ್ತನಾಲ್ಕು ವರ್ಷದ ವ್ಯವಸ್ಥೆ ಸಂಜೆಯಾಗುವುದರೊಳಗೆ ಮುಗಿಯಿತು. ‘ಕಾನೂನು ಮೀರಿ ಬಂದವರಿಗೆ ನಮ್ಮ ತೆರಿಗೆ ಹಣವೇಕೆ’ ಎಂದು ಕೆಳಗೆ ಬರೆಯಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಅವರಲ್ಲಿ ಬಹಳಷ್ಟು ಮಂದಿ ಗಡಿ ದಾಟಿದ್ದು ಅಮ್ಮನ ಸೊಂಟದ ಮೇಲೆ ಕುಳಿತು. ತೆರಿಗೆಯನ್ನು ಅವರ ಅಪ್ಪಂದಿರೂ ಕಟ್ಟುತ್ತಾರೆ, ನಿಮ್ಮ ಛಾವಣಿಯ ಹಲಗೆ ಕೊಂಡಾಗಲೂ ಕಟ್ಟಿದ್ದಾರೆ.

ಅರಿಜೋನಾ 2006ರಲ್ಲಿ ಮುಚ್ಚಿದ್ದನ್ನು 2022ರಲ್ಲಿ, ಮತ್ತೆ ಮತದಾರರನ್ನೇ ಕೇಳಿ, ತೆರೆಯಿತು. ಹದಿನಾರು ವರ್ಷ ಹಿಡಿಯಿತು. ಆ ರೋಬಾಟ್ ಹುಡುಗರು ಅಷ್ಟರಲ್ಲಿ ಮೂವತ್ತು ದಾಟಿದ್ದರು.