ಬಯೋಮೆಡಿಕಲ್ ಪಿಎಚ್‌ಡಿಗೆ ಅಪ್ಲೈ ಮಾಡ್ತಿರೋ ಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಮೇಷ್ಟ್ರುಗಳಿಗೆ

ಅಮೆರಿಕದ ಬಯೋಮೆಡಿಕಲ್ ಪಿಎಚ್‌ಡಿ ಪ್ರೋಗ್ರಾಮ್‌ಗಳ ಡೆಡ್‌ಲೈನ್ ಬಹುತೇಕ ಡಿಸೆಂಬರ್ 1ರಿಂದ 15ರೊಳಗೆ ಬೀಳುತ್ತೆ. ನಮ್ಮ ಕಡೆ ಜೀವವಿಜ್ಞಾನದ ಪಿಎಚ್‌ಡಿಗೆ ಬರೆಯೋ ಜೆಜೀಬಿಲ್ಸ್ ಪ್ರವೇಶ ಪರೀಕ್ಷೆನೂ ಸಾಮಾನ್ಯವಾಗಿ ಅದೇ ತಿಂಗಳು. ಹಾಗಾಗಿ ದಸರಾ ಮುಗೀತಿದ್ದ ಹಾಗೆ ನನಗೆ ಮೆಸೇಜ್ ಬರೋಕೆ ಶುರುವಾಗುತ್ತೆ, ಶಿವಮೊಗ್ಗ, ದಾವಣಗೆರೆ, ಧಾರವಾಡ, ಕಲಬುರಗಿ ಕಡೆ ಎಂಎಸ್ಸಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಬಯೋಟೆಕ್ ಮಾಡ್ತಿರೋ ಹುಡುಗ ಹುಡುಗೀರು "ಅಕ್ಕಾ, ನನ್ನ ಎಸ್‌ಒಪಿ ಒಂದ್ಸಲ ನೋಡ್ತೀರಾ" ಅಂತ ಕೇಳ್ತಾರೆ. ಎಸ್‌ಒಪಿ ಅಂದ್ರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಯಾಕೆ ಪಿಎಚ್‌ಡಿ ಮಾಡ್ಬೇಕು ಅಂತ ಅಪ್ಲಿಕೇಶನ್ ಜೊತೆ ಬರೆಯೋ ಪ್ರಬಂಧ. ನಾನು ಅಮೆರಿಕದಲ್ಲೇ ಪಿಎಚ್‌ಡಿ ಮುಗಿಸಿ ಇಲ್ಲೇ ಒಂದು ಮೆಡಿಕಲ್ ಸ್ಕೂಲಿನ ಲ್ಯಾಬಲ್ಲಿ ಕೆಲಸ ಮಾಡ್ತಿರೋಳು, ಅಪ್ಲಿಕೇಶನ್ ಓದೋ ಕಮಿಟಿಯಲ್ಲಿರೋರ ಪಕ್ಕದಲ್ಲೇ ದಿನಾ ಕೂತು ಊಟ ಮಾಡ್ತೀನಿ, ಹಾಗಾಗಿ ಅವರು ಏನು ನೋಡ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಎಷ್ಟೋ ದಿನದಿಂದ ಬರೀಬೇಕು ಅಂದ್ಕೊಂಡಿದ್ದನ್ನ ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲು ದುಡ್ಡಿನ ವಿಷಯ, ಯಾಕಂದ್ರೆ ಮನೇಲಿ ಎಲ್ಲರೂ ಹೆದರೋದು ಅಲ್ಲೇ. ಅಮೆರಿಕದಲ್ಲಿ ಬಯೋಮೆಡಿಕಲ್ ಪಿಎಚ್‌ಡಿಗೆ ನೀವು ದುಡ್ಡು ಕಟ್ಟಲ್ಲ, ಅವರೇ ನಿಮಗೆ ಕೊಡ್ತಾರೆ. ಟ್ಯೂಷನ್ ಫೀ ಪೂರ್ತಿ ಅವರದ್ದು, ಹೆಲ್ತ್ ಇನ್ಶೂರೆನ್ಸ್ ಇರುತ್ತೆ, ಮೇಲೆ ಬಾಡಿಗೆ ಕೊಟ್ಕೊಂಡು ಒಬ್ಬರು ಜೀವನ ಮಾಡೋಷ್ಟು ಸ್ಟೈಪೆಂಡ್. ಇದನ್ನ ಊರಿನ ಕನ್ಸಲ್ಟೆನ್ಸಿಯವರು ಹೇಳೋದೇ ಇಲ್ಲ, ಅವರಿಗೆ ಕಮಿಷನ್ ಬರೋದು ಎಂಎಸ್ (ಅಲ್ಲಿನ ಮಾಸ್ಟರ್ಸ್ ಡಿಗ್ರಿ) ಸೀಟಿಗೆ. ಹಾಗಾಗಿ ರಿಸರ್ಚ್ ಮಾಡ್ಬೇಕು ಅನ್ನೋ ಆಸೆ ಇಟ್ಕೊಂಡು ಹೋದ ಮಗೂಗೆ ಮೊದಲು ಎಂಎಸ್ ಮಾಡಿ ಆಮೇಲೆ ಪಿಎಚ್‌ಡಿ ಅಂತ ಹೇಳಿ ನಲವತ್ತು ಐವತ್ತು ಲಕ್ಷದ ಲೋನ್ ಮಾಡಿಸ್ತಾರೆ, ಅಪ್ಪ ಸೈಟ್ ಅಡ ಇಡ್ತಾರೆ. ಎಂಎಸ್ಸಿ ಮುಗಿಸಿರೋರಿಗೆ ಇದು ಬೇಕಾಗಿಲ್ಲ, ನೇರವಾಗಿ ಪಿಎಚ್‌ಡಿಗೇ ಹಾಕಬಹುದು. ತಾಯಿ ತಂದೆಗಳೇ ಈ ಬರಹ ಓದ್ತಿದ್ರೆ ದಯವಿಟ್ಟು ಇಷ್ಟನ್ನ ನೆನಪಿಟ್ಕೊಳ್ಳಿ.

ಖರ್ಚು ಇರೋದು ಅಪ್ಲಿಕೇಶನ್‌ಗೆ. ಒಂದೊಂದು ಯೂನಿವರ್ಸಿಟಿಗೂ ಸುಮಾರು 75ರಿಂದ 125 ಡಾಲರ್, ಹತ್ತು ಕಡೆ ಹಾಕಿದ್ರೆ ನಮ್ಮ ಲೆಕ್ಕದಲ್ಲಿ ಎಂಬತ್ತು ತೊಂಬತ್ತು ಸಾವಿರ ಹೋಗುತ್ತೆ, ಇದು ಸಣ್ಣ ಮೊತ್ತ ಅಲ್ಲ. ಆದ್ರೆ ಕೆಲವು ಪ್ರೋಗ್ರಾಮ್‌ಗಳಲ್ಲಿ ಫೀಸೇ ಇಲ್ಲ, ಇನ್ನು ಕೆಲವರು ಪ್ರೋಗ್ರಾಮ್ ಕೋಆರ್ಡಿನೇಟರ್‌ಗೆ ಒಂದು ಮೇಲ್ ಹಾಕಿ ಕಷ್ಟ ಹೇಳ್ಕೊಂಡ್ರೆ ಮನ್ನಾ ಮಾಡ್ತಾರೆ. ಎಲ್ಲಾ ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಸಿಗಲ್ಲ ನಿಜ, ಕೇಳಿದ್ರೆ ಕಳ್ಕೊಳ್ಳೋದೇನೂ ಇಲ್ಲ. ಕೇಳೋಕೆ ಸಂಕೋಚ ಪಡ್ಬೇಡಿ, ನಮ್ಮ ಹುಡುಗರು ಇಲ್ಲೇ ಹಿಂದೆ ಬೀಳೋದು. ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆನ ಬಹುತೇಕ ಬಯೋಮೆಡಿಕಲ್ ಪ್ರೋಗ್ರಾಮ್‌ಗಳು ಕೈಬಿಟ್ಟಿವೆ, ಕೋಚಿಂಗ್‌ಗೆ ಸೇರೋ ಮೊದಲು ನೀವು ಹಾಕ್ತಿರೋ ಪ್ರೋಗ್ರಾಮಿನ ಪೇಜ್ ತೆಗೆದು ನೋಡಿ. ಇಂಗ್ಲಿಷ್ ಪರೀಕ್ಷೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇಕಾಗುತ್ತೆ, ಡುಯೊಲಿಂಗೊ ಒಪ್ಪೋರೂ ಇದಾರೆ, ಅದು ತುಂಬಾ ಅಗ್ಗ. ಮಾರ್ಕ್ಸ್ ಕಾರ್ಡ್ ಅಪ್ಲೈ ಮಾಡುವಾಗ ಸ್ಕ್ಯಾನ್ ಮಾಡಿ ಹಾಕಿದ್ರೆ ಹೆಚ್ಚಿನ ಕಡೆ ಸಾಕು, ಒರಿಜಿನಲ್ ಟ್ರಾನ್ಸ್‌ಕ್ರಿಪ್ಟ್ ಸೀಟ್ ಸಿಕ್ಕ ಮೇಲೆ. ಆದ್ರೂ ಯೂನಿವರ್ಸಿಟಿ ಪರೀಕ್ಷಾ ವಿಭಾಗಕ್ಕೆ ಅರ್ಜಿ ಈಗಲೇ ಹಾಕಿಡಿ, ಅಲ್ಲಿ ಫೈಲ್ ಯಾವ ಟೇಬಲ್ ಮೇಲೆ ಎಷ್ಟು ದಿನ ಕೂರುತ್ತೆ ಅನ್ನೋದು ನಿಮಗೇ ಗೊತ್ತು.

ಇನ್ನು ಪ್ರೋಗ್ರಾಮ್ ಹೇಗಿರುತ್ತೆ ಅನ್ನೋದು. ನಮ್ಮಲ್ಲಿ ಪಿಎಚ್‌ಡಿ ಅಂದ್ರೆ ಮೊದಲು ಗೈಡ್ ಸಿಗ್ಬೇಕು, ಅವರು ಒಪ್ಪಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಅಮೆರಿಕದ ಬಯೋಮೆಡಿಕಲ್ ಕಡೆ ಹೆಚ್ಚಾಗಿ ಅಂಬ್ರೆಲಾ ಪ್ರೋಗ್ರಾಮ್ ಅಂತ ಇರುತ್ತೆ. ಇಮ್ಯುನಾಲಜಿ, ನ್ಯೂರೋಸೈನ್ಸ್, ಕ್ಯಾನ್ಸರ್ ಬಯಾಲಜಿ, ಜೆನೆಟಿಕ್ಸ್ ಎಲ್ಲಾ ಸೇರಿ ಒಂದೇ ಬಾಗಿಲು, ನಿಮ್ಮನ್ನ ತಗೊಳ್ಳೋದು ಒಂದು ಕಮಿಟಿ. ಮೊದಲ ವರ್ಷ ಮೂರು ನಾಲ್ಕು ಲ್ಯಾಬಲ್ಲಿ ತಲಾ ಎರಡು ಎರಡೂವರೆ ತಿಂಗಳು ರೊಟೇಶನ್ ಮಾಡಿ ಆಮೇಲೆ ಯಾರ ಹತ್ರ ಸೇರೋದು ಅಂತ ತೀರ್ಮಾನ ಮಾಡ್ತೀರಿ. ಹಾಗಾಗಿ ಇನ್ನೂರು ಪ್ರೊಫೆಸರ್‌ಗಳಿಗೆ "ರೆಸ್ಪೆಕ್ಟೆಡ್ ಸರ್" ಅಂತ ಒಂದೇ ಮೇಲ್ ಕಳಿಸೋದರಿಂದ ಪ್ರಯೋಜನ ಇಲ್ಲ. ಜರ್ಮನಿ, ಕೆನಡಾ ಕಡೆ ಹಾಗಲ್ಲ, ಅಲ್ಲಿ ಎಷ್ಟೋ ಸಲ ನೇರವಾಗಿ ಪ್ರೊಫೆಸರ್ ಹತ್ರಾನೇ ಮಾತಾಡ್ಬೇಕಾಗುತ್ತೆ.

ಈಗ ಎಸ್‌ಒಪಿ. ನನಗೆ ಬರೋ ಡ್ರಾಫ್ಟ್‌ಗಳಲ್ಲಿ ಮುಕ್ಕಾಲು ಪಾಲು ಶುರುವಾಗೋದು ಚಿಕ್ಕಂದಿನಿಂದ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ ಅಂತ. ಆಮೇಲೆ ಅಜ್ಜಿಗೆ ಕ್ಯಾನ್ಸರ್ ಬಂದಿದ್ದು, ಆಮೇಲೆ ಸೆಮಿಸ್ಟರ್‌ವಾರು ಓದಿದ ಸಬ್ಜೆಕ್ಟುಗಳು, ಕೊನೆಗೆ ನಿಮ್ಮ ವಿಶ್ವವಿಖ್ಯಾತ ವಿಶ್ವವಿದ್ಯಾಲಯ. ಇದನ್ನ ಬರೆದಿರೋ ಮಗೂಗೆ ಏನೂ ಗೊತ್ತಿಲ್ಲ ಅಂತಲ್ಲ. ತನ್ನಲ್ಲಿ ಬೆಲೆ ಇರೋದು ಯಾವುದು ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ.

ಒಂದು ಉದಾಹರಣೆ ಕೊಡ್ತೀನಿ, ಆ ಹುಡುಗಿಯ ಒಪ್ಪಿಗೆ ತಗೊಂಡೇ ಬರೀತಿದೀನಿ. ಎಂಎಸ್ಸಿ ಮೈಕ್ರೋಬಯಾಲಜಿ, ಪ್ರಾಜೆಕ್ಟ್ ಒಂದು ಗಿಡದ ಎಲೆಯ ಎಕ್ಸ್‌ಟ್ರ್ಯಾಕ್ಟ್ (ಸಾರ) ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತಾ ಅಂತ ನೋಡೋದು. ಎಲ್ಲಾ ಕಾಲೇಜಲ್ಲೂ ಮಾಡೋ ಪ್ರಾಜೆಕ್ಟೇ. ಅವಳು ಎಸ್‌ಒಪಿಯಲ್ಲಿ ಅದಕ್ಕೆ ಕೊಟ್ಟಿದ್ದು ಒಂದೇ ಸಾಲು. ಫೋನ್ ಮಾಡಿ, ಅಗರ್ ಪ್ಲೇಟಲ್ಲಿ ಬಾವಿ ತೋಡಿ ಎಕ್ಸ್‌ಟ್ರ್ಯಾಕ್ಟ್ ಹಾಕಿದ್ಯಲ್ಲಮ್ಮ, ಕಂಟ್ರೋಲ್ ಏನಿಟ್ಟಿದ್ದೆ, ಅಂದ್ರೆ ಎಕ್ಸ್‌ಟ್ರ್ಯಾಕ್ಟ್ ಇಲ್ಲದೆ ಹೋಲಿಸಿ ನೋಡೋಕೆ ಏನು ಹಾಕಿದ್ದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳೋಕೆ ಶುರು ಮಾಡಿದ್ಳು. ಎಕ್ಸ್‌ಟ್ರ್ಯಾಕ್ಟ್ ಇಲ್ಲದೆ ಅದನ್ನ ಕರಗಿಸೋ ಮೆಥನಾಲ್ ಮಾತ್ರ ಹಾಕಿದ ಬಾವಿ ಸುತ್ತಾನೂ ಬ್ಯಾಕ್ಟೀರಿಯಾ ಬೆಳೀದ ಸಣ್ಣದೊಂದು ಖಾಲಿ ಉಂಗುರ ಕಾಣ್ತಂತೆ, ಅಂದ್ರೆ ಬ್ಯಾಕ್ಟೀರಿಯಾ ಸಾಯ್ತಿರೋದು ಎಲೆಯಿಂದಾನೋ ಮೆಥನಾಲಿಂದಾನೋ ಅಂತ ಅವಳಿಗೆ ಅನುಮಾನ ಬಂತಂತೆ, ಸೀನಿಯರ್‌ಗಳು ಬಿಡೇ ಎಲ್ಲರಿಗೂ ಹಾಗೇ ಬರೋದು ಅಂದ್ರೂ ಕೇಳದೆ ಎಕ್ಸ್‌ಟ್ರ್ಯಾಕ್ಟ್ ಪೂರ್ತಿ ಒಣಗಿಸಿ ಡಿಎಂಎಸ್‌ಒ ಅನ್ನೋ ಬೇರೆ ದ್ರಾವಕದಲ್ಲಿ ಕರಗಿಸಿ ಮತ್ತೆ ಮಾಡಿದ್ಳಂತೆ, ಈ ಸಲ ಉಂಗುರ ಚಿಕ್ಕದಾಯ್ತು, ಆದ್ರೆ ಹೋಗಲಿಲ್ಲ, ಡಿಎಂಎಸ್‌ಒ ಮಾತ್ರ ಹಾಕಿದ ಬಾವಿ ಸುತ್ತ ಏನೂ ಇರಲಿಲ್ಲ. "ಆದ್ರೆ ಅಕ್ಕಾ, ರಿಪೋರ್ಟಲ್ಲಿ ದೊಡ್ಡ ಉಂಗುರದ ಫೋಟೋ ಚೆನ್ನಾಗಿರುತ್ತೆ ಅಂದ್ರು, ನಾನು ಚಿಕ್ಕದನ್ನೇ ಹಾಕಿದೆ" ಅಂದ್ಳು.

ನನಗೆ ಕಣ್ಣು ತುಂಬಿ ಬಂತು. ಇದೇ ತಾನೇ ವಿಜ್ಞಾನ ಅಂದ್ರೆ! ತನ್ನ ರಿಸಲ್ಟನ್ನೇ ಅನುಮಾನಿಸಿ, ಪರೀಕ್ಷೆ ಮಾಡಿ, ಚಿಕ್ಕದಾಗಿ ಬಂದ ನಿಜವನ್ನ ಇಟ್ಕೊಳ್ಳೋದು. ಕಮಿಟಿಯವರು ಹುಡುಕೋದು ಇದನ್ನೇ, ನಿಮ್ಮ ಲ್ಯಾಬಲ್ಲಿ ಕಾನ್‌ಫೋಕಲ್‌ನಂಥ ದುಬಾರಿ ಮೈಕ್ರೋಸ್ಕೋಪ್ ಇತ್ತಾ ಇಲ್ವಾ ಅನ್ನೋದನ್ನ ಅಲ್ಲ. ಅಜ್ಜಿ ಕಥೆ ತೆಗೆದು ಈ ಪ್ಲೇಟಿನ ಕಥೆನ ಒಂದು ಪೂರ್ತಿ ಪ್ಯಾರಾ ಬರೆಸಿದೆ. ಇಂಟರ್‌ವ್ಯೂನಲ್ಲಿ ಮೂವರು ಪ್ರೊಫೆಸರ್‌ಗಳು ಅದೇ ಪ್ಯಾರಾ ಹಿಡ್ಕೊಂಡೇ ಮಾತಾಡಿಸಿದ್ರು.

ಈಗ ನಾನು ನಿಜವಾಗಿ ಹೇಳೋಕೆ ಬಂದಿರೋ ವಿಷಯ, ಮೇಷ್ಟ್ರುಗಳಿಗೆ, ಮೇಡಂಗಳಿಗೆ. ಪ್ರತಿ ಅಪ್ಲಿಕೇಶನ್‌ಗೂ ಮೂರು ರೆಕಮೆಂಡೇಶನ್ ಲೆಟರ್ ಬೇಕು. ನಮ್ಮ ಕಡೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ವಿದ್ಯಾರ್ಥಿ ಹೋಗಿ ಕೇಳಿದ್ರೆ "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ" ಅಂತಾರೆ. ಪಾಪ ಆ ಮಗು ನೆಟ್ಟಲ್ಲಿ ಹುಡುಕಿ ಒಂದು ಮಾದರಿ ತಗೊಂಡು ಮೂರು ಜನರ ಹೆಸರಲ್ಲಿ ಮೂರು ಪತ್ರ ಬರೆಯುತ್ತೆ. ಮೂರರಲ್ಲೂ ಅವವೇ ಮಾತು, ಅದೇ ಧಾಟಿ. ಇವಳು ಶ್ರದ್ಧಾವಂತೆ, ವಿಧೇಯಳು, ಸಮಯಪಾಲನೆ ಇದೆ, ನಡತೆ ಉತ್ತಮ, ಭವಿಷ್ಯ ಉಜ್ವಲವಾಗಲಿ ಅಂತ, ಟಿಸಿ ಜೊತೆ ಕೊಡೋ ಕ್ಯಾರೆಕ್ಟರ್ ಸರ್ಟಿಫಿಕೇಟ್ ಇದ್ದ ಹಾಗೆ. ನೂರಾರು ಅಪ್ಲಿಕೇಶನ್ ಓದೋರಿಗೆ ಮೂರೂ ಒಬ್ಬರೇ ಬರೆದಿದ್ದು ಅಂತ ಗೊತ್ತಾಗಲ್ವಾ?

ಇದಕ್ಕಿಂತ ನೋವಾಗೋದು ಇನ್ನೊಂದಿದೆ. ಆ ಅಪ್ಲಿಕೇಶನ್ ಫಾರಂನಲ್ಲಿ ವಿದ್ಯಾರ್ಥಿ ಒಂದು ಬಾಕ್ಸ್ ಟಿಕ್ ಮಾಡ್ಬೇಕು, ಈ ಪತ್ರಗಳನ್ನ ನೋಡೋ ಹಕ್ಕನ್ನ ನಾನು ಬಿಟ್ಟುಕೊಡ್ತೀನಿ ಅಂತ. ಟಿಕ್ ಮಾಡದೆ ಇದ್ರೆ ಪತ್ರಕ್ಕೆ ಬೆಲೆ ಕಮ್ಮಿ, ಹಾಗಾಗಿ ಎಲ್ಲರೂ ಮಾಡ್ತಾರೆ. ತಾನೇ ಕೂತು ಬರೆದ ಪತ್ರನ ತಾನು ನೋಡೋದೇ ಇಲ್ಲ ಅಂತ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಮಗು ಬರೆದುಕೊಡುತ್ತೆ. ರಿಸರ್ಚ್ ಅನ್ನೋ ದಾರಿಯ ಮೊದಲ ಹೆಜ್ಜೆಯಲ್ಲೇ ನಾವು ಅದರ ಕೈಲಿ ಸುಳ್ಳು ಬರೆಸ್ತಿದೀವಿ. ಮಾಡಿಸಿದ್ದು ಅದರ ಗುರುಗಳು. ಇದು ಸರಿಯಲ್ಲ, ಯಾರಿಗೆ ಬೇಜಾರಾದ್ರೂ ಪರವಾಗಿಲ್ಲ, ಇದು ಸರಿಯಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತ ತಿಳ್ಕೋಬೇಡಿ. ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಎಷ್ಟೋ ಕಡೆ ಪಾಠ ಮಾಡೋರು ಅತಿಥಿ ಉಪನ್ಯಾಸಕರು, ಗೌರವಧನ ಯಾವಾಗ ಬರುತ್ತೋ ಗೊತ್ತಿಲ್ಲ, ಪರ್ಮನೆಂಟ್ ಇರೋರಿಗೆ ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲು, ವ್ಯಾಲ್ಯುಯೇಶನ್, ಎಲೆಕ್ಷನ್ ಡ್ಯೂಟಿ. ಇಂಗ್ಲಿಷಲ್ಲಿ ಬರೆಯೋಕೆ ಹಿಂಜರಿಕೆನೂ ಇರುತ್ತೆ. ಆದ್ರೆ ಸರ್, ಭಾರೀ ಇಂಗ್ಲಿಷ್ ಯಾರಿಗೂ ಬೇಡ. ಈ ಹುಡುಗಿ ನನ್ನ ಹತ್ರ ಪ್ರಾಜೆಕ್ಟ್ ಮಾಡಿದ್ಳು, ಕಂಟ್ರೋಲ್‌ನಲ್ಲಿ ಏನೋ ತಪ್ಪಿದೆ ಅಂತ ಅವಳೇ ಕಂಡುಹಿಡಿದು ಮತ್ತೆ ಮಾಡಿದ್ಳು, ಕರೆಂಟ್ ಹೋಗಿ ಇನ್‌ಕ್ಯುಬೇಟರ್ ನಿಂತಾಗ ಹೀಗೆ ಮಾಡಿದ್ಳು, ನಾನು ಇಷ್ಟು ವರ್ಷದಲ್ಲಿ ಪಾಠ ಮಾಡಿದ ಎಂಎಸ್ಸಿ ಮಕ್ಕಳಲ್ಲಿ ಮೊದಲ ಮೂರು ನಾಲ್ಕು ಜನದಲ್ಲಿ ಒಬ್ಬಳು. ಇಷ್ಟು ಸರಳವಾಗಿ ಒಂದು ಪುಟ ಬರೆದ್ರೆ ಸಾಕು. ಈ ಕೊನೆಯ ಹೋಲಿಕೆ ಬಹಳ ಮುಖ್ಯ, ಮೊದಲ ಶೇಕಡಾ 5ರಲ್ಲಿ ಬರ್ತಾಳಾ 10ರಲ್ಲಾ ಅಂತ ಎಷ್ಟೋ ಫಾರಂಗಳಲ್ಲೇ ಕೇಳಿರ್ತಾರೆ. ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಇದನ್ನ ಬರ್ಕೊಳ್ಳೋಕೆ ಆಗಲ್ಲ, ಸಂಕೋಚದ ಮಗು ಅಂತೂ ಬರೆಯೋದೇ ಇಲ್ಲ. ಬೇಕಾದ್ರೆ ಅವಳ ಹತ್ರ ಏನೇನು ಮಾಡಿದ್ಳು ಅಂತ ಪಟ್ಟಿ ತರಿಸ್ಕೊಳ್ಳಿ, ಅದು ತಪ್ಪಲ್ಲ. ಪತ್ರ ಮಾತ್ರ ನೀವು ಬರೀರಿ. ಒಂದ್ಸಲ ಬರೆದಿಟ್ಕೊಂಡ್ರೆ ಎಲ್ಲಾ ಯೂನಿವರ್ಸಿಟಿಗೂ ಅದನ್ನೇ ಅಪ್‌ಲೋಡ್ ಮಾಡಬಹುದು.

ಮಕ್ಕಳಿಗೂ ಇಲ್ಲಿ ಒಂದು ಮಾತು. ಪ್ರಿನ್ಸಿಪಾಲರ ಪತ್ರ, ಡೀನ್ ಪತ್ರ ಅಂತ ದೊಡ್ಡ ಪದವಿ ಹಿಂದೆ ಓಡ್ಬೇಡಿ. ನಿಮ್ಮ ಪಕ್ಕದಲ್ಲಿ ನಿಂತು ಪಿಪೆಟ್ ಹಿಡಿಯೋದು ಕಲಿಸಿದ ಗೆಸ್ಟ್ ಲೆಕ್ಚರರ್ ಬರೆದ ಪತ್ರ, ನಿಮ್ಮ ಮುಖ ನೆನಪಿಲ್ಲದ ಡೀನ್ ಪತ್ರಕ್ಕಿಂತ ಎಷ್ಟೋ ತೂಕದ್ದು. ಕೇಳುವಾಗ ಕೊನೆ ವಾರಕ್ಕೆ ಹೋಗ್ಬೇಡಿ, ಒಂದೂವರೆ ತಿಂಗಳು ಮೊದಲೇ ಕೇಳಿ, ಡೆಡ್‌ಲೈನ್‌ಗಳನ್ನ ಒಂದು ಹಾಳೆಯಲ್ಲಿ ಬರೆದು ಕೊಡಿ.

ಪರಿಸ್ಥಿತಿ ಈಗ ಚೆನ್ನಾಗಿಲ್ಲ ಅನ್ನೋದನ್ನೂ ಮುಚ್ಚಿಡಲ್ಲ. ಇಲ್ಲಿನ ಬಯೋಮೆಡಿಕಲ್ ರಿಸರ್ಚ್‌ನ ಬೆನ್ನೆಲುಬು ಎನ್‌ಐಎಚ್ ಅನ್ನೋ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯ ದುಡ್ಡು, 2025ರಲ್ಲಿ ಅದಕ್ಕೆ ಕತ್ತರಿ ಬೀಳೋಕೆ ಶುರುವಾದ ಮೇಲೆ ಎಷ್ಟೋ ಪ್ರೋಗ್ರಾಮ್‌ಗಳು ಸೀಟು ಕಮ್ಮಿ ಮಾಡಿದ್ವು. ಯುಮಾಸ್ ಚಾನ್ ಮೆಡಿಕಲ್ ಸ್ಕೂಲ್ ಆ ವರ್ಷ ಮಾರ್ಚ್‌ನಲ್ಲಿ ಕೊಟ್ಟ ಆಫರ್‌ಗಳನ್ನೇ ವಾಪಸ್ ತಗೊಂಡಿತ್ತು. ಅದೂ ಅಲ್ದೆ ವಿದ್ಯಾರ್ಥಿಗಳ ತರಬೇತಿಗೆ ಎನ್‌ಐಎಚ್ ಕೊಡೋ ಟ್ರೇನಿಂಗ್ ಗ್ರಾಂಟ್ ಅಮೆರಿಕದ ಪ್ರಜೆಗಳಿಗೆ ಮತ್ತೆ ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ, ಹಾಗಾಗಿ ವಿದೇಶಿ ವಿದ್ಯಾರ್ಥಿಗಳಿಗೆ ಸೀಟು ಮೊದಲಿಂದಾನೂ ಕಮ್ಮಿನೇ. ರಿಜೆಕ್ಟ್ ಆದ್ರೆ ನಿಮ್ಮಲ್ಲೇ ಏನೋ ಕೊರತೆ ಅಂತ ಕೊರಗ್ಬೇಡಿ.

ಮತ್ತೆ ಅಮೆರಿಕ ಒಂದೇ ದಾರಿ ಅಂತ ನಾನು ಯಾವತ್ತೂ ಹೇಳಲ್ಲ. ಬೆಂಗಳೂರಲ್ಲೇ ಐಐಎಸ್‌ಸಿ ಇದೆ, ಜಿಕೆವಿಕೆ ಕ್ಯಾಂಪಸ್ಸಲ್ಲಿ ಜೀವವಿಜ್ಞಾನದ ಸಂಸ್ಥೆ ಎನ್‌ಸಿಬಿಎಸ್, ಅದರ ಪಕ್ಕದಲ್ಲೇ ಸ್ಟೆಮ್ ಸೆಲ್ ಸಂಸ್ಥೆ ಇನ್‌ಸ್ಟೆಮ್, ಜಕ್ಕೂರಲ್ಲಿ ಜವಾಹರಲಾಲ್ ನೆಹರು ಸೆಂಟರ್, ಮೆದುಳಿನ ವಿಷಯಕ್ಕೆ ನಿಮ್ಹಾನ್ಸ್. ಪ್ರಪಂಚದ ಯಾವ ಲ್ಯಾಬ್ ಜೊತೆ ಬೇಕಾದ್ರೂ ನಿಲ್ಲೋ ಕೆಲಸ ಅಲ್ಲಿ ನಡೀತಿದೆ. ಸಿಎಸ್‌ಐಆರ್ ನೆಟ್, ಗೇಟ್, ಜೆಜೀಬಿಲ್ಸ್, ಐಸಿಎಂಆರ್ ಪರೀಕ್ಷೆ, ಇವುಗಳಲ್ಲಿ ಎರಡು ಮೂರನ್ನಾದ್ರೂ ಬರೀರಿ. ಇಲ್ಲಿ ಪಿಎಚ್‌ಡಿ ಮಾಡೋರಿಗೆ ಸಿಗೋ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಅದು ತಿಂಗಳು ತಿಂಗಳು ಸರಿಯಾಗಿ ಬರಲ್ಲ, ಹುಡುಗರು ಆರು ತಿಂಗಳು ಸಾಲ ಮಾಡ್ಕೊಂಡು ಬದುಕ್ತಾರೆ ಅನ್ನೋದು ಬೇರೆಯದೇ ದೊಡ್ಡ ಜಗಳ, ಅದನ್ನ ಇನ್ನೊಂದಿನ ಬರೀತೀನಿ.

ಇನ್ನೂ ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಓದ್ತಿರೋರು ಈಗಿಂದಲೇ ಒಂದು ಕೆಲಸ ಮಾಡಿ. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿ ಮೂರು ಅಕಾಡೆಮಿಗಳು ನಡೆಸೋ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ, ಎರಡು ತಿಂಗಳು ಒಳ್ಳೆ ಲ್ಯಾಬಲ್ಲಿ ಕೆಲಸ, ಸ್ಟೈಪೆಂಡ್ ಕೊಡ್ತಾರೆ. ಅರ್ಜಿ ಹಿಂದಿನ ವರ್ಷದ ಕೊನೆಗೇ ಹಾಕ್ಬೇಕು. ತಾಲ್ಲೂಕು ಕಾಲೇಜುಗಳ ನೋಟಿಸ್ ಬೋರ್ಡಲ್ಲಿ ಇದನ್ನ ಒಂದು ಹಾಳೆ ಪ್ರಿಂಟ್ ತೆಗೆದು ಅಂಟಿಸೋಕೆ ಯಾರಾದ್ರೂ ಮನಸ್ಸು ಮಾಡಿ, ಪ್ಲೀಸ್. ಇನ್ನೊಂದು, ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಹೊರಗಡೆ ಎಷ್ಟೋ ಯೂನಿವರ್ಸಿಟಿಗಳು ಹದಿನಾರು ವರ್ಷದ ಓದು ಕೇಳ್ತವೆ, ಹಾಗಾಗಿ ಮೂರು ವರ್ಷದ ಬಿಎಸ್ಸಿ ಮಾತ್ರ ಇದ್ರೆ ಹೆಚ್ಚಿನ ಕಡೆ ಎಂಎಸ್ಸಿ ಮಾಡ್ಕೊಂಡೇ ಹೋಗ್ಬೇಕಾಗುತ್ತೆ. ಇದನ್ನ ಮೊದಲ ವರ್ಷದಲ್ಲೇ ತಿಳ್ಕೊಂಡಿರಿ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರೇ, "ಇನ್ನೂ ಐದಾರು ವರ್ಷ ಓದು ಅಂದ್ರೆ ಮದುವೆ ಯಾವಾಗ" ಅನ್ನೋ ಪ್ರಶ್ನೆ ನಮ್ಮ ಮನೇಲೂ ಬಂದಿತ್ತು. ಪಿಎಚ್‌ಡಿ ಓದಿನ ಜೊತೆಗೆ ಸಂಬಳ ಬರೋ ಕೆಲಸಾನೂ ಹೌದು, ನಡುವೆ ಮದುವೆ ಆದೋರು, ಮಕ್ಕಳಾದೋರು ನನ್ನ ಬ್ಯಾಚಲ್ಲೇ ಇದ್ರು. ಅಪ್ಲೈ ಮಾಡೋಕಾದ್ರೂ ಬಿಡಿ.

ಈ ವರ್ಷ ಹಾಕ್ತಿರೋರು ನವೆಂಬರ್ ಮೊದಲ ವಾರದೊಳಗೆ ಡ್ರಾಫ್ಟ್ ಮೆಸೆಂಜರ್‌ಗೆ ಕಳಿಸಿ, ಓದಿ ಹೇಳ್ತೀನಿ, ದುಡ್ಡು ಗಿಡ್ಡು ಏನೂ ಬೇಡ. ಇಂಗ್ಲಿಷ್ ಬರಲ್ಲ ಅನ್ಸಿದ್ರೆ ಪ್ರಾಜೆಕ್ಟಲ್ಲಿ ಏನು ಮಾಡಿದ್ರಿ, ಯಾಕೆ ಮಾಡಿದ್ರಿ, ಎಲ್ಲಿ ಕೆಟ್ಟೋಯ್ತು, ಆಮೇಲೆ ಏನು ಮಾಡಿದ್ರಿ ಅಂತ ಕನ್ನಡದಲ್ಲೇ ಎರಡು ಪುಟ ಬರೆದು ಕಳಿಸಿ, ಇಂಗ್ಲಿಷ್ ಆಮೇಲೆ ಕೂತು ಮಾಡೋಣ. ಲೆಟರ್ ಬರೆಯೋಕೆ ತಯಾರಿದ್ದು ಹೇಗೆ ಅಂತ ತೋಚದೆ ಇರೋ ಮೇಷ್ಟ್ರುಗಳು ಯಾರಾದ್ರೂ ಇದ್ರೆ ಅವರೂ ಮೆಸೇಜ್ ಮಾಡಿ, ಭಾನುವಾರ ನಮ್ಮ ಬೆಳಗ್ಗೆ ನಿಮ್ಮ ಸಂಜೆ ಆಗಿರುತ್ತೆ, ಫೋನಲ್ಲೇ ಮಾತಾಡೋಣ.