ಕಟ್ಟು ನಮಗೆ, ಕಾಳು ಎತ್ತಿಗೆ

ಹಾಸನದ ಕಡೆ ನಮ್ಮ ಅಜ್ಜಿ ಮನೆಯಲ್ಲಿ ಹುರುಳಿ ಬೇಯಿಸಿದ ದಿನ ಎತ್ತುಗಳಿಗೆ ಹಬ್ಬ. ಕಾಳು ಬೆಂದ ಮೇಲೆ ಕಟ್ಟು ಬಸಿದುಕೊಂಡು ನಮಗೆ ಸಾರು. ಕಾಳು ಸೀದಾ ಕೊಟ್ಟಿಗೆಗೆ. ಆ ಸಾರನ್ನು ಸೊರ್ ಅಂತ ಕುಡಿದು ಮೈಗೆ ಶಕ್ತಿ ಬಂತು ಅಂದುಕೊಳ್ಳುತ್ತಿದ್ದೆವು. ಶಕ್ತಿಯೆಲ್ಲ ಎತ್ತಿನ ಹೊಟ್ಟೆ ಸೇರಿರುತ್ತಿತ್ತು.

ಇದು ನೆನಪಾಗಿದ್ದು ಅಮ್ಮನಿಂದ. ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತೆ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. 'ಪ್ರೋಟೀನ್ ಸಾಲದು' ಅಂದರು. ಅಮ್ಮನಿಗೆ ಕೋಪ. 'ದಿನಾ ಬೇಳೆ ಸಾರು ತಿಂತೀನಲ್ಲ, ಇನ್ನೇನು ತಿನ್ನಲಿ?' ಅಕ್ಕನ ಮಗ ಜಿಮ್ಮಿಗೆ ಹೋಗುವವನು, ತಕ್ಷಣ ಪೌಡರ್ ಡಬ್ಬದ ಫೋಟೋ ಕಳಿಸಿದ. ಪಕ್ಕದ ಮನೆಯವರು ರಾತ್ರಿ ನಾಲ್ಕು ಬಾದಾಮಿ ನೆನೆಹಾಕಿ ಅಂದರು. ನಾಲ್ಕು ಬಾದಾಮಿಯಲ್ಲಿ ಇರೋದು ಸುಮಾರು 1 ಗ್ರಾಂ ಪ್ರೋಟೀನ್ ಕಣ್ರೀ!

ನಾನು ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತೆ. ನಾಲ್ಕು ಜನಕ್ಕೆ ನಾವು ಹಾಕೋದು 100 ಗ್ರಾಂ ತೊಗರಿಬೇಳೆ. ಅದರಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ. ತಲೆಗೆ ಐದೂವರೆ. ಅದೂ ಎರಡು ಹೊತ್ತಿಗೆ ಸೇರಿ! ನಿಜ ಹೇಳಬೇಕೆಂದರೆ ಒಂದು ಮುದ್ದೆಯಲ್ಲೇ ಇದಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಬೆಳಗಿನ ಉಪ್ಪಿಟ್ಟು, ರಾತ್ರಿಯ ಅನ್ನ, ಕಾಫಿ ಹಾಲು, ನೀರು ಮಜ್ಜಿಗೆ ಎಲ್ಲ ಕೂಡಿದರೂ ಅಮ್ಮನ ಇಡೀ ದಿನದ ಲೆಕ್ಕ 26ರ ಹತ್ತಿರ ನಿಂತಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ಅಮ್ಮ 52 ಕೆ.ಜಿ., ಅಂದರೆ 43. ನಮ್ಮ ಹಾಗೆ ಧಾನ್ಯವನ್ನೇ ನೆಚ್ಚಿಕೊಂಡವರು, ಅದರಲ್ಲೂ ವಯಸ್ಸಾದವರು, ಕೆ.ಜಿ.ಗೆ 1 ಗ್ರಾಂ ಅಂದುಕೊಳ್ಳೋದು ಒಳ್ಳೇದು.

ಸಸ್ಯಾಹಾರದಲ್ಲಿ ಪ್ರೋಟೀನ್ ಇಲ್ಲ ಅನ್ನೋರ ಜೊತೆ ನನಗೆ ಜಗಳ ಇದೆ. ಇದೆ, ನಾವು ಅದನ್ನ ನೀರು ಮಾಡಿ ಕುಡಿಯುತ್ತೇವೆ ಅಷ್ಟೆ. ಬಸ್ಸಾರು ಮಾಡಿದರೆ ಸಾರಿಗೇ ಮರ್ಯಾದೆ, ಕಾಳಿನ ಪಲ್ಯ ತಟ್ಟೆ ತುದಿಯಲ್ಲಿ ಒಂದು ಚಮಚ. ಕೋಸಂಬರಿ ರಾಮನವಮಿಗೆ ಮಾತ್ರ. ಅವರೆಕಾಯಿ ಕಾಲದಲ್ಲಿ ಮಾತ್ರ ಕಾಳನ್ನ ಕಾಳಿನ ಹಾಗೆ ತಿಂತೀವಿ. ಮುದ್ದೆ, ಅನ್ನ, ರೊಟ್ಟಿಯಲ್ಲಿ ಲೈಸಿನ್ ಅನ್ನೋ ಪ್ರೋಟೀನಿನ ಇಟ್ಟಿಗೆ ಕಡಿಮೆ, ಕಾಳಲ್ಲಿ ಅದು ಧಾರಾಳ. ಕಾಳಲ್ಲಿ ಕಮ್ಮಿ ಇರುವ ಇನ್ನೊಂದು ಇಟ್ಟಿಗೆ, ಮೆಥಿಯೊನಿನ್, ಧಾನ್ಯದಲ್ಲಿ ಸಿಗುತ್ತೆ. ಒಂದೇ ತುತ್ತಲ್ಲಿ ಎರಡೂ ಇರಬೇಕು ಅಂತೇನಿಲ್ಲ, ದಿನದಲ್ಲಿ ಎರಡೂ ಸೇರಿದರೆ ಸಾಕು. ಜೋಡಿ ಹಳೇದೇ, ಅಳತೆ ಕೆಟ್ಟಿದೆ.

ಈಗ ನಮ್ಮನೆಯಲ್ಲಿ ಬೇಳೆ ಎರಡರಷ್ಟು, ಸಾರು ಗಟ್ಟಿ. ಸಂಜೆ ಒಂದು ಬಟ್ಟಲು ಉಸಲಿ. ತೂಗಿದರೆ ಒಣ ಕಾಳು 50 ಗ್ರಾಂ, ಅಂದರೆ 11 ಗ್ರಾಂ ಪ್ರೋಟೀನ್. ಗದಗದ ಗೆಳತಿ ಕಳಿಸಿದ ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ) ಎರಡು ಚಮಚ. ಒಂದು ಬಟ್ಟಲು ಗಟ್ಟಿ ಮೊಸರು. ಅಮ್ಮನ ದಿನದ ಲೆಕ್ಕ 50 ಗ್ರಾಂ ದಾಟಿತು. ಸೋಯಾ ತುಂಡುಗಳಲ್ಲಿ ಇನ್ನೂ ಜಾಸ್ತಿ, 100 ಗ್ರಾಂಗೆ 50ರ ಮೇಲೆ. ಆದರೆ ಅಮ್ಮ ಅದನ್ನ 'ಸ್ಪಂಜು' ಅಂತ ಪಕ್ಕಕ್ಕೆ ತಳ್ಳಿದರು. ಬಲವಂತ ಮಾಡಲಿಲ್ಲ.

ಗ್ಯಾಸ್ ಆಗುತ್ತೆ ಅಂತೀರಿ, ಗೊತ್ತು. ಮೊದಲ ವಾರ ನಮಗೂ ಆಯ್ತು. ರಾತ್ರಿ ಪೂರ್ತಿ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ, ಇಂಗು ಹಾಕಿ. ಕಾಲು ಬಟ್ಟಲಿಂದ ಶುರು ಮಾಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನ ಕೇಳದೆ ಇದ್ಯಾವುದನ್ನೂ ಮಾಡಬೇಡಿ.

ಮೊದಲ ದಿನ ಹುರುಳಿ ಉಸಲಿ ಬಡಿಸಿದಾಗ ಅಮ್ಮ ತಟ್ಟೆ ನೋಡಿ, 'ನಾನೇನು ಎತ್ತೇನೇ?' ಅಂದಿದ್ದರು. ಮೊನ್ನೆ ಭಾನುವಾರ ಅವರೇ ಕಟ್ಟು ಬಸಿದರು. ಕಾಳಿನ ಪಾತ್ರೆ ನನ್ನ ಕಡೆ ಸರಿಸಿ, 'ಒಗ್ಗರಣೆಗೆ ಈರುಳ್ಳಿ ಜಾಸ್ತಿ ಹಾಕು. ಹೋದ ಸಲ ಸಪ್ಪೆ ಇತ್ತು' ಅಂದರು.