ಕರೆಂಟ್ ಹೋದಾಗ ಬ್ಯಾಟರಿ ಸಾಲುವುದಿಲ್ಲ

ಗೇಮಿಂಗ್ ಲ್ಯಾಪ್‌ಟಾಪ್ ಬಗೆಗಿನ ನಿಮ್ಮ ಲೇಖನದಲ್ಲಿ, ಅದಕ್ಕೆ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಆಟಕ್ಕೆ ತೊಂದರೆಯಿಲ್ಲ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಮಾರನೇ ದಿನವೇ. ಹೊಸ ಲ್ಯಾಪ್‌ಟಾಪ್ ತಂದ ವಾರದಲ್ಲೇ ನೋಡಿದೆ. ದೀಪ ಆರಿದ ಕ್ಷಣ ಸೆಕೆಂಡಿಗೆ 120 ಇದ್ದ ಫ್ರೇಮ್ (ಪರದೆ ಮೇಲೆ ಮೂಡುವ ಚಿತ್ರ) 40ಕ್ಕೆ ಇಳಿಯಿತು, ಗಂಟೆಯೊಳಗೆ ಬ್ಯಾಟರಿ ಖಾಲಿ. ಇದು ಲ್ಯಾಪ್‌ಟಾಪ್‌ನ ದೋಷವಲ್ಲ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಒಂದಕ್ಕೇ ಸುಮಾರು 100 ವ್ಯಾಟ್ ಬೇಕಾಗುತ್ತದೆ. ಅಷ್ಟನ್ನು ಬ್ಯಾಟರಿ ಕೊಡಲಾರದು, ಹಾಗಾಗಿ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ವರ್ಟರ್‌ಗೆ ಹಾಕೋಣ ಅಂದ್ರೆ ಅಡಾಪ್ಟರ್ 230 ವ್ಯಾಟ್‌ನದ್ದು. ರಾತ್ರಿಯಿಡೀ ಮನೆಯ ದೀಪಗಳೂ ಅದರಲ್ಲೇ ಉರಿಯಬೇಕಲ್ವಾ? ವೇಗದ ಪರದೆಯಲ್ಲಿ ಆಟ ನಯವಾಗಿ ಕಾಣುತ್ತದೆ ಅಂತ ನೀವು ಹೇಳಿದ್ದು ಮಾತ್ರ ಪೂರ್ತಿ ನಿಜ. 144 ಹರ್ಟ್ಸ್‌ಗೆ, ಅಂದ್ರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆಗೆ, ಕಣ್ಣು ಹೊಂದಿಕೊಂಡ ಮೇಲೆ ಹಳೇ ಪರದೆ ನೋಡಲು ಮನಸ್ಸೇ ಬರುವುದಿಲ್ಲ.